ಪ್ರೈವೇಟ್ ಆಸ್ಪತ್ರೆ ಸಿಸ್ಟರ್‌ಗಳಿಗೆ ದಾವಣಗೆರೇಲಿ ಯೂನಿಯನ್ ಯಾಕಿಲ್ಲ? ಏಳು ಜನ ಸೇರಿದ್ರೆ ಸಾಕಂತೆ, ಹೌದಾ?

ರಾತ್ರಿಪಾಳಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಆರು ವರ್ಷ ಆಯ್ತು, ಇಲ್ಲೇ ದಾವಣಗೆರೇಲಿ ಒಂದು ಪ್ರೈವೇಟ್ ಆಸ್ಪತ್ರೇಲಿ ಕೆಲಸ. ಹೆಸರು ಹೇಳಲ್ಲ, ದಯವಿಟ್ಟು ಯಾರೂ ಊಹೆ ಮಾಡಿ ಇಲ್ಲಿ ಬರೀಬೇಡಿ, ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇನ್ನೂ ಅವರ ಬೀರುವಿನಲ್ಲೇ ಐತೆ.

ಹೋದ ತಿಂಗಳು ನಡೆದಿದ್ದು ಹೇಳ್ತೀನಿ. ನೈಟ್ ಡ್ಯೂಟಿ, ವಾರ್ಡಲ್ಲಿ 22 ಪೇಷಂಟ್, ನಾನು ಮತ್ತೆ ಒಬ್ಬ ಆಯಾ. ಇನ್ನೊಬ್ಬ ಸಿಸ್ಟರ್ ಬಿಟ್ಟು ಹೋಗಿ ಎರಡು ತಿಂಗಳಾಗಿತ್ತು, ಅವಳ ಜಾಗಕ್ಕೆ ಯಾರನ್ನೂ ತಗೊಂಡಿರಲಿಲ್ಲ. ರಾತ್ರಿ ಎರಡರ ಸುಮಾರಿಗೆ ಜಗಳೂರು ಕಡೆಯಿಂದ ಒಂದು ಹೆರಿಗೆ ಕೇಸ್ ಬಂತು, ಮೊದಲನೇ ಬಸುರಿ, ಡಾಕ್ಟ್ರು ಬರೋ ಹೊತ್ತಿಗೆ ಮಗುವಿನ ತಲೆ ಕಾಣ್ತಿತ್ತು. ಹೆರಿಗೆ ಚೆನ್ನಾಗೇ ಆಯ್ತು, ರಕ್ತಸ್ರಾವ ತಡೆಯೋ ಇಂಜೆಕ್ಷನ್ ಆಕ್ಸಿಟೋಸಿನ್ ಹತ್ತು ಯೂನಿಟ್ ಕೊಟ್ಟೆ, ಮಾಸು ಪೂರ್ತಿ ಬಂತು, ಡಾಕ್ಟ್ರು ನೋಡಿ ಮನೆಗೆ ಹೋದ್ರು. ಆಮೇಲೆ ಎರಡು ತಾಸು ಬಾಣಂತಿ ಪಕ್ಕ ಬಿಟ್ಟು ಕದಲಬಾರದು, ಹದಿನೈದು ನಿಮಿಷಕ್ಕೊಂದ್ಸಲ ಬಿಪಿ, ನಾಡಿ, ಗರ್ಭಕೋಶ ಗಟ್ಟಿ ಐತಾ, ರಕ್ತ ಎಷ್ಟು ಹೋಗ್ತೈತೆ, ಎಲ್ಲಾ ನೋಡ್ಬೇಕು, ಇದು ನಮಗೆ ಬಾಯಿಪಾಠ. ಆದ್ರೆ ಅದೇ ಹೊತ್ತಿಗೆ ಮೇಲಿನ ವಾರ್ಡಲ್ಲಿ ಒಬ್ಬ ಅಜ್ಜಂಗೆ ಉಸಿರು ಕಟ್ಟಿತು, ಓಡಿದೆ. ವಾಪಸ್ ಬರೋದ್ರೊಳಗೆ ಅರ್ಧ ತಾಸು. ಆ ಹುಡುಗಿ ಹಾಸಿಗೆ ತೊಯ್ದು ಹೋಗಿತ್ತು. ಹೊಟ್ಟೆ ಮೇಲೆ ಕೈ ಇಟ್ಟು ಒಂದೇ ಸಮ ಉಜ್ಜಿದೆ, ಡ್ರಿಪ್ ಹಾಕ್ದೆ, ಡಾಕ್ಟ್ರಿಗೆ ಫೋನ್ ಮಾಡಿದ್ವಿ, ರಕ್ತ ತರಿಸಿದ್ವಿ. ಬದುಕಿದಳು. ಮಗು ಎತ್ಕೊಂಡು ಮನೆಗೆ ಹೋದಳು, ಅಷ್ಟು ಪುಣ್ಯ.

ಮೂರನೇ ದಿನ ನನಗೆ ಮೆಮೊ. ಬಿಪಿ ಚಾರ್ಟಲ್ಲಿ ಎರಡು ಕಾಲಂ ಯಾಕೆ ಖಾಲಿ ಅಂತ. ಮೂರು ದಿನದ ಸಂಬಳ ಕಟ್. ನಾನು ಡ್ಯೂಟಿ ರಿಜಿಸ್ಟರ್ ತೆಗೆದು ನೋಡಿದ್ರೆ ಆ ರಾತ್ರಿ ನನ್ನ ಹೆಸರಿನ ಕೆಳಗೆ ಬಿಟ್ಟು ಹೋದ ಸಿಸ್ಟರ್ ಹೆಸರೂ ಬರೆದೈತೆ! ರಿಜಿಸ್ಟರಲ್ಲಿ ಇಬ್ಬರು, ವಾರ್ಡಲ್ಲಿ ಒಬ್ಬಳು. ಆವಾಗ ನನಗೆ ಮೈ ನಡುಗಿತು, ಯಾಕಂದ್ರೆ ಆ ತಾಯಿಗೆ ಏನಾದ್ರೂ ಆಗಿದ್ರೆ ಕಾಗದದ ಪ್ರಕಾರ ಇಬ್ಬರು ಸಿಸ್ಟರ್ ಇದ್ದೂ ನೋಡ್ಕಳ್ಲಿಲ್ಲ ಅಂತ ಆಗ್ತಿತ್ತು.

ನಂದೊಬ್ಬಳದೇ ಕಥೆ ಅಲ್ಲ ಇದು, ನಮ್ಮ ಹಾಸ್ಟೆಲ್ ರೂಮಲ್ಲಿ ಇರೋ ನಾಲ್ಕು ಜನ ನಾಲ್ಕು ಆಸ್ಪತ್ರೆಯವರು, ನಾಲ್ಕು ಕಡೇನೂ ಹಿಂಗೇ. ಒಬ್ಬಳು ಬಸುರಿ ಆದಾಗ ರಾಜೀನಾಮೆ ಬರಿ ಅಂದ್ರಂತೆ, ದಿನಾ ಬೇರೆಯವರ ಹೆರಿಗೆ ಮಾಡ್ಸೋಳಿಗೆ ಸ್ವಂತ ಹೆರಿಗೆಗೆ ರಜೆ ಇಲ್ಲ. ಕೇಳೋಕೆ ಯಾರೂ ಇಲ್ಲ ಅಂತ ಆಗಿದೆ. ಸರ್ಕಾರಿ ಸಿಸ್ಟರ್‌ಗಳಿಗೆ ಸಂಘ ಐತೆ, ಆಶಾದವರಿಗೆ ಐತೆ, ಅಂಗನವಾಡಿಯವರಿಗೆ ಐತೆ, ಹಮಾಲರಿಗೂ ಐತೆ. ನಮಗೆ ಯಾಕಿಲ್ಲ? ಏಳು ಜನ ಸೇರಿದ್ರೆ ರಿಜಿಸ್ಟರ್ ಮಾಡಬಹುದು ಅಂತ ಯಾರೋ ಹೇಳಿದ್ರು, ಗೊತ್ತಿರೋರು ಹೇಳಿ.

ಎಂಸಿಸಿ ಬಿ ಬ್ಲಾಕ್

ಓದಿ ಕಣ್ಣು ತುಂಬಿ ಬಂತು ಸಿಸ್ಟರ್. ಮೆಮೊ ಕಾಪಿ, ರಿಜಿಸ್ಟರ್ ಫೋಟೊ ಎರಡೂ ಜೋಪಾನವಾಗಿ ಇಟ್ಕೊಳಿ.

ಹಳೇ ಸಿಸ್ಟರ್ (ನಿವೃತ್ತ, ದಾವಣಗೆರೆ)

ಮಗಳೇ, ನಾನು ಸರ್ಕಾರಿ ಆಸ್ಪತ್ರೇಲಿ 33 ವರ್ಷ ಕೆಲಸ ಮಾಡಿ ರಿಟೈರ್ ಆದೋಳು. ನಿನ್ನ ಜಾಗದಲ್ಲಿ ನಾನೂ ನಿಂತಿದೀನಿ, ಒಂದು ಕೈಲಿ ಹೊಟ್ಟೆ ಉಜ್ಜುತ್ತಾ ಇನ್ನೊಂದು ಕೈಲಿ ಡ್ರಿಪ್ ಹಿಡ್ಕೊಂಡು. ನೀನು ಮಾಡಿದ್ದು ಸರಿಯಾಗೇ ಮಾಡಿದೀಯ, ಅದನ್ನ ಮೊದಲು ಮನಸ್ಸಿಗೆ ತಂದುಕೋ.

ಸರ್ಕಾರಿ ಸಿಸ್ಟರ್‌ಗಳಿಗೆ ಸಂಘ ಐತೆ ಅಂದ್ಯಲ್ಲ, ಐತೆ, ಆದ್ರೆ ಅದು ನೌಕರರ ಸಂಘ, ಯೂನಿಯನ್ ಅಲ್ಲ, ವ್ಯತ್ಯಾಸ ಐತೆ. ನಮಗೆ ನಡತೆ ನಿಯಮ ಅಂತ ಇರುತ್ತೆ, ಮುಷ್ಕರ ಮಾಡೋ ಹಕ್ಕು ಸರ್ಕಾರಿ ನೌಕರರಿಗೆ ಇಲ್ಲ ಅಂತ 2003ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ಕೇಸಲ್ಲಿ ಹೇಳಿಬಿಡ್ತು. ಅದಕ್ಕೇ ನಾವು ಕಪ್ಪು ಪಟ್ಟಿ ಕಟ್ಕೊಂಡು ಡ್ಯೂಟಿ ಮಾಡ್ತಿದ್ವಿ, ಮನವಿ ಕೊಡ್ತಿದ್ವಿ. ಆದ್ರೂ ಒಟ್ಟಿಗೆ ಇದ್ರೆ ಬಲ ಬರುತ್ತೆ. 2023ರ ಮಾರ್ಚ್ 1ಕ್ಕೆ ರಾಜ್ಯದ ನೌಕರರೆಲ್ಲ ಕೆಲಸ ಬಿಟ್ಟು ಕೂತಾಗ ಅವತ್ತೇ 17 ಪರ್ಸೆಂಟ್ ಮಧ್ಯಂತರ ಪರಿಹಾರದ ಆದೇಶ ಬಂತು, ಒಂದೇ ದಿನದಲ್ಲಿ. ಅದೇ ಹೊತ್ತಿಗೆ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ಹುಡುಗೀರು ಬೆಂಗಳೂರು ಫ್ರೀಡಂ ಪಾರ್ಕಲ್ಲಿ ಬಿಸಿಲಲ್ಲಿ ಕೂತಿದ್ರು, ಅವರದು ಒಂದು ತಿಂಗಳು ದಾಟಿದ್ರೂ ಮುಗೀಲಿಲ್ಲ. ಒಂದೇ ವಾರ್ಡು, ಒಂದೇ ಇಂಜೆಕ್ಷನ್ನು, ಪರ್ಮನೆಂಟ್ ಆದೋಳಿಗೆ ಒಂದು ದಿನ, ಗುತ್ತಿಗೆಯೋಳಿಗೆ ತಿಂಗಳುಗಟ್ಟಲೆ. ನಮ್ಮ ಸಂಘದೋರು ಅವರ ಜೊತೆ ಇನ್ನೂ ಗಟ್ಟಿಯಾಗಿ ನಿಲ್ಲಬೇಕಿತ್ತು ಅನ್ನೋ ನೋವು ನನಗೆ ಇವತ್ತಿಗೂ ಐತೆ. ಪ್ರೈವೇಟ್ ಹುಡುಗೀರ ವಿಷಯಕ್ಕಂತೂ ನಾವು ತಿರುಗಿ ನೋಡಿದ್ದೇ ಇಲ್ಲ.

ಕೋರ್ಟ್ ರಸ್ತೆ

ನಾನು ಲೇಬರ್ ಕೇಸ್ ನೋಡೋ ವಕೀಲರ ಹತ್ರ ಜೂನಿಯರ್. ಪ್ರಶ್ನೆಗೆ ನೇರ ಉತ್ತರ: ಹೌದು, ಏಳು ಜನ ಸಾಕು, ಆದ್ರೆ ಜೊತೆಗೆ ಒಂದು ಷರತ್ತು ಐತೆ.

1926ರ ಟ್ರೇಡ್ ಯೂನಿಯನ್ ಕಾಯ್ದೆ ಕಾಲದಿಂದಲೂ ಏಳು ಜನ ಸಹಿ ಹಾಕಿ ಅರ್ಜಿ ಕೊಡಬಹುದು ಅಂತ ಇತ್ತು. 2001ರಲ್ಲಿ ತಿದ್ದುಪಡಿ ತಂದು, ಆ ಸಂಸ್ಥೆ ಅಥವಾ ಆ ಉದ್ಯಮದಲ್ಲಿ ಕೆಲಸ ಮಾಡೋರಲ್ಲಿ ಹತ್ತು ಪರ್ಸೆಂಟ್ ಇಲ್ಲಾ ನೂರು ಜನ, ಯಾವುದು ಕಮ್ಮಿಯೋ ಅಷ್ಟು ಮಂದಿ ಸದಸ್ಯರಾಗಿರಬೇಕು, ಏಳಕ್ಕಿಂತ ಕಮ್ಮಿ ಆಗಬಾರದು ಅಂದ್ರು. ಈಗ 2025ರ ನವೆಂಬರ್ 21ರಿಂದ ನಾಲ್ಕು ಲೇಬರ್ ಕೋಡ್ ಜಾರಿಗೆ ಬಂದಿವೆ, 1926ರ ಕಾಯ್ದೆ ಹೋಗಿ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದೈತೆ, ಅದರಲ್ಲೂ ಈ ಲೆಕ್ಕ ಹಂಗೇ ಐತೆ.

ಇಲ್ಲಿ ನೀವು ಯೋಚನೆ ಮಾಡಬೇಕಾದ್ದು ಏನಂದ್ರೆ, ಒಂದೇ ಆಸ್ಪತ್ರೆಗೆ ಯೂನಿಯನ್ ಮಾಡ್ತೀರಾ ಇಲ್ಲಾ ಇಡೀ ಊರಿಗೆ ಮಾಡ್ತೀರಾ ಅಂತ. ಎಪ್ಪತ್ತು ಜನ ಕೆಲಸಕ್ಕಿರೋ ಒಂದು ಆಸ್ಪತ್ರೆ ಅಂದ್ರೆ ಏಳು ಜನ ಆಯ್ತು, ಸುಲಭ. ಆದ್ರೆ ಆ ಏಳು ಹೆಸರು ಮರುದಿನವೇ ಮ್ಯಾನೇಜ್‌ಮೆಂಟ್ ಟೇಬಲ್ ಮೇಲೆ ಇರ್ತಾವೆ. ಊರಿನ ಎಲ್ಲಾ ಆಸ್ಪತ್ರೆಗೂ ಸೇರಿ ಮಾಡಿದ್ರೆ ಯಾವೊಬ್ಬ ಮಾಲೀಕನ ಕಣ್ಣೂ ಒಬ್ಬರ ಮೇಲೇ ಬೀಳಲ್ಲ, ಆದ್ರೆ ಆವಾಗ ನೂರು ಜನದ ತನಕ ಬೇಕಾಗಬಹುದು. ಯೂನಿಯನ್ ಮಾಡಿದ್ದಕ್ಕೇ ಕೆಲಸದಿಂದ ತೆಗೆಯೋದು ಕಾನೂನಿನ ಪ್ರಕಾರ ಅನುಚಿತ ಕಾರ್ಮಿಕ ಪದ್ಧತಿ, ತಪ್ಪು, ಶಿಕ್ಷೆ ಐತೆ. ಆದ್ರೆ ತೆಗೆದ ಮೇಲೆ ಕೇಸ್ ನಡೆಸೋದು ಎಷ್ಟು ಕಷ್ಟ ಅಂತ ನಾನು ದಿನಾ ನೋಡ್ತೀನಿ, ಅದಕ್ಕೆ ಮೊದಲೇ ಹೇಳ್ತಿದೀನಿ.

ಪಿಜೆ ಬಡಾವಣೆ

ನಾನು ಒಂದು ಸಣ್ಣ ನರ್ಸಿಂಗ್ ಹೋಂ ಲೆಕ್ಕಪತ್ರ ನೋಡ್ತೀನಿ, 18 ಬೆಡ್. ನೀವೆಲ್ಲ ಬರೆಯೋದು ಓದಿ ಬೇಜಾರಾಯ್ತು, ರಿಜಿಸ್ಟರಲ್ಲಿ ಸುಳ್ಳು ಹೆಸರು ಬರೆಯೋದು ಮಹಾ ತಪ್ಪು, ಅದನ್ನ ಯಾರೂ ಸಮರ್ಥಿಸೋಕಾಗಲ್ಲ. ಆದ್ರೆ ನಮ್ಮ ಕಡೆದೂ ಸ್ವಲ್ಪ ಕೇಳಿ. ಸಿಸ್ಟರ್ ಬೇಕು ಅಂತ ಬೋರ್ಡ್ ಹಾಕಿ ನಾಲ್ಕು ತಿಂಗಳಾದ್ರೂ ಯಾರೂ ಬರಲ್ಲ, ಬಂದೋರು ಆರು ತಿಂಗಳಿಗೆ ಬೆಂಗಳೂರಿಗೋ ಗಲ್ಫಿಗೋ ಹೋಗ್ತಾರೆ. ಸರ್ಕಾರಿ ಸ್ಕೀಮ್ ಕೇಸಿನ ದುಡ್ಡು ಬರೋದು ಯಾವಾಗ್ಲೋ. ಯೂನಿಯನ್ ಬಂದ್ರೆ ದೊಡ್ಡ ಆಸ್ಪತ್ರೆಗಳು ತಡ್ಕಂತಾವೆ, ನಮ್ಮಂಥವು ಬಾಗಿಲು ಹಾಕ್ತಾವೆ, ಆಮೇಲೆ ಆ ಹತ್ತು ಹುಡುಗೀರ ಕೆಲಸವೂ ಹೋಗುತ್ತೆ.

ರಾತ್ರಿಪಾಳಿ (ದಾವಣಗೆರೆ)

ಸರ್, ನೀವು ಮರ್ಯಾದೆಯಿಂದ ಬರೆದಿದೀರ, ನಾನೂ ಹಂಗೇ ಕೇಳ್ತೀನಿ. ಆರು ತಿಂಗಳಿಗೆ ಬಿಟ್ಟು ಹೋಗ್ತಾರೆ ಅಂತೀರ, ಯಾಕೆ ಹೋಗ್ತಾರೆ ಅಂತ ಹೋಗೋರನ್ನ ಯಾವತ್ತಾದ್ರೂ ಕೂರಿಸಿ ಕೇಳಿದೀರಾ? ನಾನು ಕೈಗೆ 13 ಸಾವಿರ ತಗೊಂಡು ಹಾಸ್ಟೆಲ್ಲಿಗೆ, ಊಟಕ್ಕೆ ಕೊಟ್ಟು, ಊರಲ್ಲಿ ಅಮ್ಮಂಗೆ ಕಳಿಸಿ, ಉಳಿಯೋದು ಎಷ್ಟು ಅಂತ ನೀವೇ ಲೆಕ್ಕ ಹಾಕಿ, ಲೆಕ್ಕಪತ್ರ ನೋಡೋರು ನೀವು.

ಬ್ರದರ್, ಹೊಳಲ್ಕೆರೆ

ನಾನು ಮೇಲ್ ನರ್ಸ್. ನಮ್ಮ ಬಿಎಸ್ಸಿ ನರ್ಸಿಂಗ್ ಬ್ಯಾಚಲ್ಲಿ ಅರ್ಧಕ್ಕರ್ಧ ಮಲಯಾಳಿಗಳು, ಈಗ ಅವರಲ್ಲಿ ಕೆಲವರು ವಾಪಸ್ ಕೇರಳದಲ್ಲೇ ಅದಾರೆ. ಅಲ್ಲಿಯ ಕಥೆ ಹೇಳಲೇಬೇಕು, ಯಾಕಂದ್ರೆ ಹತ್ತು ಹದಿನೈದು ವರ್ಷದ ಹಿಂದೆ ಅಲ್ಲೂ ನಮ್ಮ ಗತಿನೇ ಇತ್ತು, ಬಾಂಡ್, ಸರ್ಟಿಫಿಕೇಟ್ ಇಟ್ಕಳ್ಳೋದು, ಪುಡಿಗಾಸಿನ ಸಂಬಳ.

2011ರಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಅಂತ ತ್ರಿಶೂರಲ್ಲಿ ಶುರು ಮಾಡಿದ್ರು. ಯಾವುದೇ ಪಕ್ಷದ ಬಾಲ ಆಗದೆ ಬರೀ ನರ್ಸ್‌ಗಳೇ ಕಟ್ಟಿದ್ದು ಅನ್ನೋದು ನನ್ನ ಗೆಳೆಯರ ಹೆಮ್ಮೆ. ಇನ್ನೊಂದು ಕಡೆ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಸುಪ್ರೀಂ ಕೋರ್ಟಿಗೆ ಹೋಗಿತ್ತು, 1908ರ ಹಳೇ ಸಂಸ್ಥೆ ಅದು, ಯೂನಿಯನ್ ಅಲ್ಲ ವೃತ್ತಿ ಸಂಘಟನೆ. 2016ರ ಜನವರಿಯಲ್ಲಿ ಕೋರ್ಟು, ಪ್ರೈವೇಟ್ ನರ್ಸ್‌ಗಳ ಸಂಬಳ ನೋಡೋಕೆ ಕಮಿಟಿ ಮಾಡಿ ಅಂತ ಕೇಂದ್ರಕ್ಕೆ ಹೇಳ್ತು. ಆ ಕಮಿಟಿ ಹೇಳಿದ್ದು ಪ್ರತಿಯೊಬ್ಬ ಸಿಸ್ಟರೂ ಬಾಯಿಪಾಠ ಮಾಡ್ಬೇಕು ಅಂತೀನಿ ನಾನು. 200 ಬೆಡ್ ಮೇಲಿದ್ರೆ ಸರ್ಕಾರಿ ನರ್ಸಿಗೆ ಎಷ್ಟೋ ಅಷ್ಟೇ ಸಂಬಳ. 100ರ ಮೇಲಿದ್ರೆ ಅದಕ್ಕಿಂತ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಕಮ್ಮಿ ಮಾಡೋಹಂಗಿಲ್ಲ, 50ರಿಂದ 100 ಇದ್ರೆ 25 ಪರ್ಸೆಂಟ್. ಐವತ್ತಕ್ಕಿಂತ ಕಮ್ಮಿ ಬೆಡ್ಡಿನ ಸಣ್ಣ ನರ್ಸಿಂಗ್ ಹೋಂ ಆದ್ರೂ 20 ಸಾವಿರಕ್ಕಿಂತ ಇಳೀಬಾರದು. ಪಿಜೆ ಬಡಾವಣೆ ಸರ್, ನಿಮ್ಮ 18 ಬೆಡ್ಡಿಗೂ ಲೆಕ್ಕ ಬಂತು ನೋಡಿ, ಸಣ್ಣವರು ದೊಡ್ಡವರು ಅಂತ ಭೇದ ಮಾಡೇ ಹೇಳ್ಯಾರೆ.

ಇದು ಶಿಫಾರಸು ಅಷ್ಟೆ, ಜಾರಿ ಮಾಡೋದು ರಾಜ್ಯಗಳ ಕೈಲಿತ್ತು. ಎಷ್ಟೋ ರಾಜ್ಯದಲ್ಲಿ ಕಡತದಲ್ಲೇ ಮಲಗಿತು. ಕೇರಳದಲ್ಲಿ ಯೂನಿಯನ್ ಇತ್ತಲ್ಲ, ಮಲಗೋಕೆ ಬಿಡಲಿಲ್ಲ. 2017ರಲ್ಲಿ ಮುಷ್ಕರ, ಸರ್ಕಾರ 20 ಸಾವಿರಕ್ಕೆ ಒಪ್ತು, ಆದ್ರೆ ಆದೇಶ ಬರಲಿಲ್ಲ. 2018ರ ಏಪ್ರಿಲ್ 24ಕ್ಕೆ ಚೇರ್ತಲದಿಂದ ತಿರುವನಂತಪುರಕ್ಕೆ ನಡ್ಕೊಂಡು ಹೋಗ್ತೀವಿ ಅಂತ ನರ್ಸ್‌ಗಳು ಹೇಳಿದ್ರು, ಹಿಂದಿನ ದಿನ 23ನೇ ತಾರೀಕು ಕನಿಷ್ಠ ವೇತನದ ಅಧಿಸೂಚನೆ ಹೊರಟ್ತು. ಅದೇ ಸುಪ್ರೀಂ ಕೋರ್ಟು ಅದೇ ಕಮಿಟಿ ನಮಗೂ ಇದ್ವು, ನಮ್ಮ ಕಡೆ ನಡ್ಕೊಂಡು ಹೋಗ್ತೀವಿ ಅನ್ನೋಕೆ ಜನ ಇರಲಿಲ್ಲ.

ಜಗಳೂರು ತಂದೆ

ನಮಸ್ಕಾರ. ನಾನು ಆಸ್ಪತ್ರೆಯೋನಲ್ಲ, ರೈತ. ನನ್ನ ಮಗಳ ಬಾಣಂತನವೂ ದಾವಣಗೆರೆ ಆಸ್ಪತ್ರೇಲೇ ಆಯ್ತು. ಸಿಸ್ಟರಮ್ಮಾರು ರಾತ್ರಿಯೆಲ್ಲಾ ನಿದ್ದೆಗೆಟ್ಟು ನೋಡ್ಕಂಡ್ರು, ಅವರ ಋಣ ನಮ್ಮ ಮೇಲೈತೆ. ಆದ್ರೆ ಒಂದು ಭಯ. ಯೂನಿಯನ್ ಅಂದ್ರೆ ಸ್ಟ್ರೈಕ್. ನಮ್ಮ ಬಸ್ಸಿನೋರು ಸ್ಟ್ರೈಕ್ ಮಾಡಿದ್ರೆ ಎರಡು ದಿನ ಬಿಟ್ಟು ಊರಿಗೆ ಹೋಗಬಹುದು. ಹೆರಿಗೆ ನೋವು ಎರಡು ದಿನ ತಡೆಯಲ್ಲ. ಅದಕ್ಕೇನು ಹೇಳ್ತೀರಿ?

ಹರಿಹರದ ಹುಡುಗಿ (ಈಗ ಐರ್ಲೆಂಡ್)

ಅಣ್ಣಾ, ನಿಮ್ಮ ಪ್ರಶ್ನೆ ಸರಿಯಾಗೇ ಐತೆ, ನಾನು ಇಲ್ಲಿಗೆ ಬರೋಕೆ ಮುಂಚೆ ನನಗೂ ಇದೇ ಭಯ ಇತ್ತು. ಹರಿಹರದಲ್ಲಿ ಹುಟ್ಟಿ ದಾವಣಗೆರೇಲಿ ಓದಿ ಈಗ ಐರ್ಲೆಂಡಿನ ಒಂದು ಆಸ್ಪತ್ರೇಲಿ ನರ್ಸ್. ಇಲ್ಲಿ ಐಎನ್‌ಎಂಒ ಅಂತ ಯೂನಿಯನ್, ಹೆಸರಲ್ಲೇ ನರ್ಸಸ್ ಅಂಡ್ ಮಿಡ್‌ವೈವ್ಸ್ ಐತೆ, ಮಿಡ್‌ವೈಫ್ ಅಂದ್ರೆ ಹೆರಿಗೆ ಮಾಡ್ಸೋಳು. 1919ರಲ್ಲಿ ಡಬ್ಲಿನ್ನಿನಲ್ಲಿ ಕೆಲವೇ ನರ್ಸ್‌ಗಳು ಮಿಡ್‌ವೈಫ್‌ಗಳು ಸೇರಿ ಕಟ್ಟಿದ್ದು. ಆವಾಗ ಇಲ್ಲೂ ಜನ, ದಾದಿಯರು ಯೂನಿಯನ್ ಮಾಡೋದಾ, ಇದು ಸೇವೆ ಅಲ್ವಾ ಅಂತಿದ್ರಂತೆ.

ನೂರು ವರ್ಷದಲ್ಲಿ ದೇಶಪೂರ್ತಿ ಮುಷ್ಕರ ಮಾಡಿದ್ದು ಎರಡೇ ಸಲ. 1999ರಲ್ಲಿ ಒಂದ್ಸಲ, ಆಮೇಲೆ 2019ರ ಜನವರಿ 30ರಿಂದ ಶುರುವಾಗಿ ಫೆಬ್ರವರಿಯಲ್ಲಿ ಮುಗಿದಿದ್ದು. ಇಪ್ಪತ್ನಾಲ್ಕು ತಾಸಿನ ಮುಷ್ಕರ, ಬಿಡಿಬಿಡಿ ದಿನಗಳು. ಆ ದಿನಗಳಲ್ಲೂ ತುರ್ತು ಕೆಲಸ ಬಿಡಲಿಲ್ಲ, ಎಲ್ಲೆಲ್ಲಿ ಎಷ್ಟು ಜನ ಒಳಗಿರಬೇಕು ಅಂತ ಯೂನಿಯನ್ನಿನ ಸ್ಟ್ರೈಕ್ ಕಮಿಟಿನೂ ಆಸ್ಪತ್ರೆಯೂ ಮೊದಲೇ ಕೂತು ತೀರ್ಮಾನ ಮಾಡ್ಕಂಡಿದ್ರು. ಇಲ್ಲಿ ನನ್ನ ಜೊತೆ ಕೆಲಸ ಮಾಡೋ ಹಿರಿಯರು ಆಚೆ ಚಳಿಯಲ್ಲಿ ನಿಂತಿದ್ದು ಹೇಳ್ತಾರೆ, ಒಳಗಿದ್ದೋರಿಗೆ ಚಹಾ ಕಳಿಸಿದ್ದೂ ಹೇಳ್ತಾರೆ.

ಪಕ್ಕದ ಬ್ರಿಟನ್ನಿನಲ್ಲಿ ಮಿಡ್‌ವೈಫ್‌ಗಳದ್ದೇ ಬೇರೆ ಸಂಘ ಐತೆ, ರಾಯಲ್ ಕಾಲೇಜ್ ಆಫ್ ಮಿಡ್‌ವೈವ್ಸ್, 1881ರದ್ದು. ಅವರು ಮೊಟ್ಟಮೊದಲ ಸಲ ಕೆಲಸ ನಿಲ್ಲಿಸಿದ್ದು 2014ರ ಅಕ್ಟೋಬರಲ್ಲಿ. 133 ವರ್ಷ ಆದ ಮೇಲೆ! ಅದೂ ಬೆಳಿಗ್ಗೆ ಏಳರಿಂದ ಹನ್ನೊಂದರ ತನಕ, ನಾಲ್ಕು ತಾಸು. ಹೆರಿಗೆ ನೋವಲ್ಲಿದ್ದ ತಾಯಂದಿರನ್ನ ಬಿಟ್ಟು ಬರಲಿಲ್ಲ. ಅಣ್ಣಾ, ಹೆರಿಗೆ ಮಾಡ್ಸೋ ಹೆಂಗಸು ಕೆಲಸ ಬಿಟ್ಟು ಹೊರಗೆ ಬರ್ತಾಳೆ ಅಂದ್ರೆ ಅದಕ್ಕಿಂತ ಮುಂಚೆ ಅವಳು ಎಷ್ಟು ಸಲ ಕೇಳಿರಬೇಕು ಯೋಚನೆ ಮಾಡಿ.

ಇನ್ನೊಂದು ಹೇಳ್ಲೇಬೇಕು, ರಾತ್ರಿಪಾಳಿ ಅಕ್ಕನಿಗೆ ಇದೇ ಮುಖ್ಯ ಅನ್ಸುತ್ತೆ. ನಮ್ಮ ಯೂನಿಯನ್ ಇಲ್ಲಿ ಪ್ರತಿದಿನ ಬೆಳಿಗ್ಗೆ ಒಂದು ಎಣಿಕೆ ಮಾಡುತ್ತೆ, ಟ್ರಾಲಿ ವಾಚ್ ಅಂತ ಹೆಸರು. ಬೆಡ್ ಸಿಗದೆ ಟ್ರಾಲಿ ಮೇಲೆ ಮಲಗಿರೋ ಪೇಷಂಟ್ ಯಾವ ಆಸ್ಪತ್ರೇಲಿ ಎಷ್ಟು ಅಂತ ಎಣಿಸಿ ಎಲ್ಲರಿಗೂ ಕಾಣೋಹಂಗೆ ಹಾಕ್ತಾರೆ. ಮಂತ್ರಿಗಳು ಪಾರ್ಲಿಮೆಂಟಲ್ಲಿ ಆ ನಂಬರಿಗೆ ಉತ್ತರ ಕೊಡಬೇಕಾಗುತ್ತೆ. ಒಂದು ಪೋಸ್ಟರ್ ಇಲ್ಲ, ಘೋಷಣೆ ಇಲ್ಲ, ಬರೀ ಎಣಿಸಿ ಬರೆಯೋದು. ನಿಮ್ಮ ರಿಜಿಸ್ಟರಲ್ಲಿ ಇಬ್ಬರು, ವಾರ್ಡಲ್ಲಿ ಒಬ್ಬಳು ಅಂತ ಓದಿದ ಕೂಡ್ಲೇ ನನಗೆ ಅದೇ ನೆನಪಾಯ್ತು.

ಹಳ್ಳಿ ನರ್ಸಮ್ಮ (ಚಳ್ಳಕೆರೆ ತಾಲ್ಲೂಕು)

ನಾನು ಎಎನ್‌ಎಂ, ಅಂದ್ರೆ ಹಳ್ಳಿ ಸಬ್ ಸೆಂಟರಿನ ಸರ್ಕಾರಿ ನರ್ಸ್. ಈಗ ನಮ್ಮ ಹುದ್ದೆ ಹೆಸರು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಅಂತ ಆಗೈತೆ, ಊರೋರಿಗೆ ಮಾತ್ರ ನಾನು ನರ್ಸಮ್ಮನೇ. ಹೆಸರಲ್ಲಿ ಅಧಿಕಾರಿ ಅಂತ ಬಂತು, ಕೆಲಸದಲ್ಲಿ ಬೆನ್ನು ಬಗ್ಗಿದ್ದು ಹಂಗೇ ಐತೆ.

ಸಬ್ ಸೆಂಟರಿಗೆ ಐದು ಸಾವಿರ ಜನ ಅಂತ ಲೆಕ್ಕ. ನಂದು ಅದಕ್ಕಿಂತ ಜಾಸ್ತಿ, ಪಕ್ಕದ ಸೆಂಟರ್ ಖಾಲಿ ಇರೋದ್ರಿಂದ ಅದೂ ನನ್ನ ಮೇಲೇ. ಬೆಳಿಗ್ಗೆ ಲಸಿಕೆ, ಮಧ್ಯಾಹ್ನ ಮನೆ ಭೇಟಿ, ತಾಯಿ ಕಾರ್ಡು, ರಾತ್ರಿ ಮನೆಗೆ ಬಂದು ಮಕ್ಕಳು ಮಲಗಿದ ಮೇಲೆ ಆನ್‌ಲೈನ್ ಎಂಟ್ರಿ. ನೆಟ್‌ವರ್ಕ್ ಸಿಗ್ಲಿಲ್ಲ ಅಂದ್ರೆ ಮಾಳಿಗೆ ಮೇಲೆ ಹತ್ತಿ ನಿಂತ್ಕಂಡು ಮಾಡಿದ್ದೂ ಐತೆ.

ಸೇವೆ ಅನ್ನೋ ಮಾತು ಬಂತಲ್ಲ, ಅದರ ಬಗ್ಗೆ ನನ್ನ ಎದೇಲಿರೋದು ಹೇಳ್ತೀನಿ. ನಮ್ಮ ತಾಲ್ಲೂಕಿಗೆ ಹೊಂದಿಕೊಂಡೇ ಪಾವಗಡ. ಅಲ್ಲಿಯ ಸೂಲಗಿತ್ತಿ ನರಸಮ್ಮ ಅವ್ರಿಗೆ 2018ರಲ್ಲಿ ಪದ್ಮಶ್ರೀ ಬಂತು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡ್ಸಿದ ತಾಯಿ, ಕೈ ಒಡ್ಡಿ ದುಡ್ಡು ಕೇಳಲಿಲ್ಲ. ಅದೇ ವರ್ಷ ಡಿಸೆಂಬರಲ್ಲಿ ತೀರಿಕೊಂಡ್ರು. ಅವರ ಫೋಟೊ ನಮ್ಮ ಸೆಂಟರಲ್ಲೂ ಐತೆ, ದಿನಾ ಕೈ ಮುಗೀತೀನಿ. ಆದ್ರೆ ಮೀಟಿಂಗಲ್ಲಿ ನಾವು ಭತ್ಯೆ ಕೇಳಿದಾಗ ಮೇಲಿನೋರು, ನರಸಮ್ಮ ಏನು ಸಂಬಳ ತಗೊಂಡಿದ್ರಾ ಅಂತಾರೆ. ಅದು ನನಗೆ ತುಂಬಾ ನೋವು. ಆ ತಾಯಿ ಕೇಳದೆ ಕೊಟ್ಟಿದ್ದು ಅವರ ದೊಡ್ಡತನ. ಅವರಿಗೆ ಬದುಕಿದ್ದಾಗ ತಿಂಗಳಿಗೆ ಇಷ್ಟು ಅಂತ ಯಾರೂ ಕೊಡದೇ ಇದ್ದದ್ದು ಸಮಾಜದ ಸಣ್ಣತನ. ಅದನ್ನ ತಂದು ನಮ್ಮ ಬಾಯಿ ಮುಚ್ಚಿಸೋಕೆ ಬಳಸಬಾರದು.

ನಮ್ಮ ಆಶಾ ಅಕ್ಕಂದ್ರನ್ನ ನೋಡಿ ಕಲೀಬೇಕು. 2025ರ ಜನವರೀಲಿ ಬೆಂಗಳೂರಿಗೆ ಹೋಗಿ ನಾಲ್ಕು ದಿನ ರಾತ್ರಿ ಚಳೀಲಿ ಕೂತ್ರು, ತಿಂಗಳಿಗೆ ಹತ್ತು ಸಾವಿರ ಖಾತ್ರಿ ಅಂತ ಮುಖ್ಯಮಂತ್ರಿ ಬಾಯಿಂದ ಹೇಳಿಸಿಕೊಂಡೇ ಎದ್ದಿದ್ದು. ನಮ್ಮ ಊರಿನ ಆಶಾ ಏಳನೇ ಕ್ಲಾಸು ಓದಿರೋಳು, ಮೈಕ್ ಹಿಡ್ದು ಮಾತಾಡಿದ್ಳಂತೆ. ನಾವು ಓದಿದೋರು ಸುಮ್ನೆ ಇದೀವಿ.

ನಿಟುವಳ್ಳಿ ಅಣ್ಣ

ರಾತ್ರಿಪಾಳಿ ತಂಗಿ, ಈ ಊರಲ್ಲಿ ಯೂನಿಯನ್ ಯಾಕಿಲ್ಲ ಅಂತ ಕೇಳಿದೀಯ, ಅದನ್ನ ಓದಿ ನನಗೆ ನಮ್ಮಪ್ಪ ನೆನಪಾದ್ರು. ಕಾಟನ್ ಮಿಲ್ಲಿನಲ್ಲಿ ಮೂರು ಪಾಳಿ ದುಡಿದೋರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದಿದ್ದು ಆ ಜನರ ಬೆವರಿಂದ. ಮಿಲ್ಲಿನ ಸೈರನ್ ಕೂಗಿದ್ರೆ ಊರೇ ಗಡಿಯಾರ ಸರಿ ಮಾಡ್ಕಂತಿತ್ತು. ಇದೇ ಊರು ಕಾರ್ಮಿಕರ ನಾಯಕ ಪಂಪಾಪತಿಯವರನ್ನ ಕಮ್ಯುನಿಸ್ಟ್ ಪಕ್ಷದಿಂದ ಮೂರು ಸಲ ಶಾಸಕರನ್ನಾಗಿ ಕಳಿಸ್ತು, 1978, 83, 85. ಬೋನಸ್, ರಜೆ, ಇಎಸ್‌ಐ (ಕಾರ್ಮಿಕರ ವಿಮೆ), ಇವೆಲ್ಲ ನಮ್ಮನೇಲಿ ಊಟದ ಹೊತ್ತಿನ ಮಾತು. ನಿಟುವಳ್ಳಿ ಇಎಸ್‌ಐ ಆಸ್ಪತ್ರೇಲೇ ನಾನು ಸಣ್ಣವನಿದ್ದಾಗ ಕೈ ಮುರಿದುಕೊಂಡು ಕಟ್ಟಿಸಿಕೊಂಡು ಬಂದಿದ್ದು.

ಮಿಲ್ಲುಗಳು ಮುಚ್ಚಿದ್ವು. ಈಗ ಈ ಊರು ಬದುಕ್ತಿರೋದು ಕಾಲೇಜು ಮತ್ತೆ ಆಸ್ಪತ್ರೆ ಮೇಲೆ. ಮೂರು ಪಾಳಿ ಈಗಲೂ ಐತೆ, ಸೈರನ್ ಇಲ್ಲ ಅಷ್ಟೆ, ಪಾಳಿ ಮಾಡೋರು ನೀವು ಹೆಣ್ಣುಮಕ್ಕಳು. ನಮ್ಮಪ್ಪಂಗೆ ಇದ್ದ ಯೂನಿಯನ್ನು ನಿಮಗಿಲ್ಲ.

ಒಂದು ಕೇಳ್ತೀನಿ, ನಿಮ್ಮ ಸಂಬಳದಲ್ಲಿ ಇಎಸ್‌ಐ ಹಿಡೀತಾರಾ? ಕಾರ್ಡ್ ಕೊಟ್ಟಿದಾರಾ?

ರಾತ್ರಿಪಾಳಿ (ದಾವಣಗೆರೆ)

ಇಲ್ಲ ಅಣ್ಣ. ಪಿಎಫ್ ಅಂತ ಸ್ಲಿಪ್ಪಲ್ಲಿ ಹಿಡೀತಾರೆ, ನಂಬರ್ ಕೊಟ್ಟಿಲ್ಲ. ಇಎಸ್‌ಐ ಹೆಸರೇ ಇಲ್ಲ. ನಮ್ಮ ರೂಮಿನ ಹುಡುಗಿಗೆ ಅಪಾಯಿಂಟ್‌ಮೆಂಟ್ ಲೆಟರೂ ಇಲ್ಲ.

ಕೋರ್ಟ್ ರಸ್ತೆ

ಸಿಸ್ಟರ್, ಇದು ಯೂನಿಯನ್ ಇಲ್ಲದೇನೂ ಇವತ್ತೇ ಕೇಳಬಹುದಾದ್ದು. ಸಂಬಳ 21 ಸಾವಿರದ ಒಳಗಿದ್ರೆ ಇಎಸ್‌ಐ, ಇಪ್ಪತ್ತು ಇಲ್ಲಾ ಜಾಸ್ತಿ ಜನ ಕೆಲಸಕ್ಕಿದ್ರೆ ಪಿಎಫ್. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ರೆ ಸಾಕು, ಮೊದಲೆರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ. ಬಸುರಿ ಅಂತ ರಾಜೀನಾಮೆ ಬರೆಸೋದು ಕಾನೂನಿಗೆ ವಿರುದ್ಧ. ಹೊಸ ಕೋಡ್ ಪ್ರಕಾರ ಎಲ್ಲಾ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಕರ್ನಾಟಕದಲ್ಲಿ ಆಸ್ಪತ್ರೆ ಮತ್ತು ನರ್ಸಿಂಗ್ ಹೋಂ ಕೆಲಸಕ್ಕೆ ಅಂತಲೇ ಕನಿಷ್ಠ ವೇತನದ ಅಧಿಸೂಚನೆ ಐತೆ, ಪ್ರತಿ ಏಪ್ರಿಲ್‌ಗೆ ತುಟ್ಟಿಭತ್ಯೆ ಸೇರುತ್ತೆ. ಇದನ್ನ ಲೇಬರ್ ಆಫೀಸಲ್ಲಿ ಕೇಳಿ ಪಡ್ಕೊಂಡು ನಿಮ್ಮ ಸ್ಲಿಪ್ ಜೊತೆ ಇಟ್ಟು ನೋಡಿ.

ಮುಷ್ಕರದ ಬಗ್ಗೆ ಜಗಳೂರಿನೋರು ಕೇಳಿದ್ದಕ್ಕೂ ಕಾನೂನು ಐತೆ. ಈಗ 14 ದಿನ ಮುಂಚೆ ನೋಟಿಸ್ ಕೊಡದೆ ಮುಷ್ಕರ ಮಾಡೋಹಂಗಿಲ್ಲ, ಅರ್ಧದಷ್ಟು ಜನ ಒಟ್ಟಿಗೆ ಸಿಎಲ್ (ಸಾಂದರ್ಭಿಕ ರಜೆ) ಹಾಕಿದ್ರೂ ಅದನ್ನ ಮುಷ್ಕರ ಅಂತಲೇ ಹಿಡೀತಾರೆ. ಇದು ಕೆಲಸಗಾರರ ಕೈ ಕಟ್ಟಿದಂಗೆ ಆಯ್ತು ಅನ್ನೋದು ನನ್ನ ಸ್ವಂತ ಅಭಿಪ್ರಾಯ.

ಇನ್ನೊಂದು ಅಡ್ಡಿ ಈಗಲೇ ಹೇಳಿಬಿಡ್ತೀನಿ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿ ಕೇಸಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಆಸ್ಪತ್ರೆಯೂ ಕೈಗಾರಿಕೆನೇ ಅಂತ ಹೇಳಿತ್ತು, ನಮ್ಮ ರಾಜ್ಯದಿಂದ ಹೋದ ಕೇಸದು. ಹೊಸ ಕೋಡಲ್ಲಿ ದಾನಧರ್ಮ, ಸಮಾಜಸೇವೆಯಲ್ಲೇ ತೊಡಗಿರೋ ಸಂಸ್ಥೆಗಳು ನಡೆಸೋದನ್ನ ಕೈಗಾರಿಕೆ ಅನ್ನೋದ್ರಿಂದ ಹೊರಗಿಟ್ಟಿದಾರೆ. ಟ್ರಸ್ಟ್ ಹೆಸರಲ್ಲಿರೋ ಆಸ್ಪತ್ರೆಗಳು ಇದನ್ನೇ ಮುಂದೆ ಮಾಡಬಹುದು. ರಾತ್ರಿಪಾಳಿ ಸಿಸ್ಟರ್, ನಿಮ್ಮದು ಟ್ರಸ್ಟೋ, ಸ್ವಂತದ್ದೋ?

ರಾತ್ರಿಪಾಳಿ (ದಾವಣಗೆರೆ)

ಸ್ವಂತದ್ದು ಸರ್.

ಕೋರ್ಟ್ ರಸ್ತೆ

ಹಂಗಾದ್ರೆ ನಿಮಗೆ ಆ ತೊಂದರೆ ಇಲ್ಲ ಅಂತ ನನ್ನ ಭಾವನೆ.

ಪಿಜೆ ಬಡಾವಣೆ

ನೆನ್ನೆ ರಾತ್ರಿ ಎಲ್ಲಾ ಮತ್ತೊಂದ್ಸಲ ಓದಿದೆ. ಬಿಟ್ಟು ಹೋಗೋರನ್ನ ಕೂರಿಸಿ ಕೇಳಿದೀರಾ ಅಂದ್ರಲ್ಲ, ಕೇಳಿಲ್ಲ ಸಿಸ್ಟರ್, ಒಪ್ಕೊಂತೀನಿ. 20 ಸಾವಿರ ಕೊಡೋಕೆ ನಮ್ಮ ಮಾಲೀಕರು ಒಪ್ಪಲ್ಲ ಈಗಲೂ. ಆದ್ರೆ ಇಎಸ್‌ಐ, ನೇಮಕಾತಿ ಪತ್ರ, ಹೆರಿಗೆ ರಜೆ ಇವಕ್ಕೆ ನಾನು ಒಳಗಿಂದ ಮಾತಾಡ್ತೀನಿ. ಮಾರ್ಕ್ಸ್ ಕಾರ್ಡ್ ಇಟ್ಕಳ್ಳೋದು ನಮ್ಮಲ್ಲೂ ಐತೆ, ಅದು ತಪ್ಪು ಅಂತ ನಂಗೆ ಗೊತ್ತಿದ್ದೇ ಬೀಗ ಹಾಕಿದೀನಿ. ಯೂನಿಯನ್ ಬಗ್ಗೆ ನನ್ನ ಅನುಮಾನ ಹೋಗಿಲ್ಲ, ಅದನ್ನೂ ಹೇಳ್ಬೇಕು.

ಬ್ರದರ್, ಹೊಳಲ್ಕೆರೆ

ಅನುಮಾನ ಇರ್ಲಿ ಸರ್, ಮಾರ್ಕ್ಸ್ ಕಾರ್ಡ್ ಮೊದಲು ವಾಪಸ್ ಕೊಡಿಸಿ.

ಎಣಿಸೋ ವಿಷಯ ನನಗೆ ಬಹಳ ಹಿಡಿಸ್ತು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ಐತಲ್ಲ, ಟೀಚಿಂಗ್ ಆಸ್ಪತ್ರೆ ಜನರಲ್ ವಾರ್ಡಲ್ಲಿ ಮೂರು ಬೆಡ್ಡಿಗೊಬ್ಬರು, ಉಳಿದ ಕಡೆ ಐದು ಬೆಡ್ಡಿಗೊಬ್ಬರು, ಐಸಿಯು ಅಂದ್ರೆ ಒಬ್ಬರಿಗೊಬ್ಬರು. ಇದು ಒಟ್ಟು ಹುದ್ದೆ ಲೆಕ್ಕ, ಮೂರು ಪಾಳಿಗೆ ಹಂಚಿದ್ರೆ ರಾತ್ರಿಗೆ ಬರೋದು ಕಮ್ಮಿನೇ, ಆದ್ರೂ 22 ಪೇಷಂಟು ಜೊತೆಗೆ ಲೇಬರ್ ರೂಮಿಗೆ ಒಬ್ಬಳು ಅಂತ ಯಾವ ಲೆಕ್ಕದಲ್ಲೂ ಬರಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ನರ್ಸ್‌ಗಳ ಯೂನಿಯನ್ ವರ್ಷಗಟ್ಟಲೆ ಹೋರಾಡಿ 2015ರಲ್ಲಿ ಇದನ್ನ ಕಾನೂನೇ ಮಾಡಿಸಿಬಿಟ್ರು, ಎಷ್ಟು ಪೇಷಂಟಿಗೆ ಎಷ್ಟು ನರ್ಸು, ಎಷ್ಟು ಮಿಡ್‌ವೈಫು ಅಂತ. ನಾವು ಅಲ್ಲಿಗೆ ಹೋಗೋಕೆ ಮುಂಚೆ ನಮ್ಮ ರಾತ್ರಿಗಳನ್ನ ಬರೆಯೋಣ. ಒಂದು ನೋಟ್‌ಬುಕ್, ತಾರೀಕು, ಪಾಳಿ, ಎಷ್ಟು ಪೇಷಂಟ್, ನಿಜವಾಗಿ ಎಷ್ಟು ಸಿಸ್ಟರ್, ಹೆರಿಗೆ ಎಷ್ಟು, ಡಬಲ್ ಡ್ಯೂಟಿ ಯಾರು. ಪೇಷಂಟ್ ಹೆಸರು ಬೇಡ, ಕೇಸ್ ಶೀಟ್ ಫೋಟೊ ತೆಗೀಬೇಡಿ, ಬರೀ ನಂಬರ್.

ಜಗಳೂರು ತಂದೆ

ಹರಿಹರದ ತಂಗಿ ಹೇಳಿದ್ದು ಓದಿದೆ. ನನ್ನ ಭಯ ತಪ್ಪಲ್ಲ, ಆದ್ರೆ ನಾನು ಭಯಪಡಬೇಕಾದ್ದು ಸ್ಟ್ರೈಕಿನ ದಿನಕ್ಕಲ್ಲ, ಸ್ಟ್ರೈಕ್ ಇಲ್ಲದ ದಿನ ರಾತ್ರಿ ಎರಡು ಗಂಟೆಗೆ ಒಬ್ಬಳೇ ಸಿಸ್ಟರ್ ಇರೋದಕ್ಕೆ ಅಂತ ಈಗ ಅನಿಸ್ತೈತೆ. ನಮ್ಮ ಊರಿಂದ ಬಂದ ಆ ಹುಡುಗಿ ಯಾರೋ ಗೊತ್ತಿಲ್ಲ. ನಿಮ್ಮ ಅರ್ಜಿಗೆ ನಮ್ಮಂಥೋರ ಸಹಿ ಬೇಕಾದ್ರೆ ಹೇಳಿ.

ರಾತ್ರಿಪಾಳಿ (ದಾವಣಗೆರೆ)

ಎಲ್ಲರಿಗೂ ಏನು ಹೇಳ್ಬೇಕೋ ತಿಳೀತಿಲ್ಲ. ಈ ನಾಲ್ಕು ದಿನದಲ್ಲಿ ಏನಾಯ್ತು ಅಂದ್ರೆ, ನಮ್ಮ ರೂಮಿನ ನಾಲ್ಕು ಜನ, ಹೊಳಲ್ಕೆರೆ ಬ್ರದರ್ ಪರಿಚಯದ ಮೂರು ಜನ, ಹರಿಹರದಿಂದ ಇಬ್ಬರು. ಒಂಬತ್ತಾಯ್ತು. ಊರಿಗೆಲ್ಲ ಒಂದೇ ಯೂನಿಯನ್ ಮಾಡೋದು ಅಂತ ಮಾತಾಡ್ಕಂಡಿದೀವಿ, ನೂರು ಆಗೋ ತನಕ ಅರ್ಜಿ ಹಾಕಲ್ಲ, ಯಾರ ಹೆಸರೂ ಹೊರಗೆ ಬರೋಹಂಗಿಲ್ಲ. ಅಲ್ಲಿ ತನಕ ನೋಟ್‌ಬುಕ್ ಬರೆಯೋದು. ನಾನು ಭಾನುವಾರ ರಾತ್ರಿಯಿಂದ ಶುರು ಮಾಡಿದೆ, ಮೊದಲನೇ ಸಾಲು 19 ಪೇಷಂಟ್, ಸಿಸ್ಟರ್ ಒಬ್ಬರು, ಹೆರಿಗೆ ಒಂದು, ಹೆಣ್ಣು ಮಗು, ಎರಡೂವರೆ ಕೆಜಿ. ತೂಕ ಬೇಕಾಗಿಲ್ಲ ಅಂತ ಗೊತ್ತು, ಬರೀಬೇಕು ಅನ್ನಿಸ್ತು.

ಆಯಾಗಳನ್ನೂ ಸೇರಿಸ್ಕೋಬೇಕು ಅಂತ ನನ್ನ ಆಸೆ. ಅವತ್ತು ರಾತ್ರಿ ನನ್ನ ಜೊತೆ ರಕ್ತದ ಬಟ್ಟೆ ಹಿಡಿದು ನಿಂತಿದ್ದು ಆಯಮ್ಮನೇ.

ಅರ್ಜೀಲಿ ಸದಸ್ಯರ ಹೆಸರು, ವಯಸ್ಸು, ಕೆಲಸ, ವಿಳಾಸ ಬರೀಬೇಕಂತೆ, ಯೂನಿಯನ್ನಿನ ಕಚೇರಿ ವಿಳಾಸವೂ ಬೇಕಂತೆ. ನಾವೆಲ್ಲ ಹಾಸ್ಟೆಲಲ್ಲಿ ಇರೋರು, ಎರಡು ಹಾಸ್ಟೆಲ್ ಆಸ್ಪತ್ರೆಯವರದ್ದೇ. ಅಡ್ರೆಸ್ ಎಲ್ಲಿದು ಹಾಕೋದು ಅಂತ ಗೊತ್ತಾಗ್ತಿಲ್ಲ. ಮತ್ತೆ ಅಧ್ಯಕ್ಷರಾಗೋಕೆ ಎಲ್ಲರಿಗೂ ಹೆದರಿಕೆ.

ಕೋರ್ಟ್ ರಸ್ತೆ

ಪದಾಧಿಕಾರಿಗಳಲ್ಲಿ ಹೊರಗಿನೋರು ಮೂರನೇ ಒಂದು ಭಾಗ ಇಲ್ಲಾ ಐದು ಜನ, ಯಾವುದು ಕಮ್ಮಿಯೋ ಅಷ್ಟರ ತನಕ ಇರಬಹುದು. ನಿವೃತ್ತ ಆದೋರನ್ನ ಕಾನೂನು ಹೊರಗಿನೋರು ಅಂತ ಲೆಕ್ಕ ಹಿಡಿಯಲ್ಲ, ಹಿಡಿದ್ರೂ ಒಬ್ಬರಿಗೆ ಜಾಗ ಐತೆ.

ಹಳೇ ಸಿಸ್ಟರ್ (ನಿವೃತ್ತ, ದಾವಣಗೆರೆ)

ನಮ್ಮನೆ ಅಡ್ರೆಸ್ ಹಾಕು ಮಗಳೇ. ಮುಂದಿನ ರೂಮು ಖಾಲಿ ಬಿದ್ದೈತೆ, ನನ್ನ ಮಗ ಬೆಂಗಳೂರು ಸೇರಿದ ಮೇಲೆ ಹಳೇ ಪೇಪರ್ ಬಿಟ್ಟು ಏನೂ ಇಲ್ಲ, ನಾಳೆನೇ ತೆಗೆಸ್ತೀನಿ. ಅಧ್ಯಕ್ಷೆ ಅಂತ ನನ್ನ ಹೆಸರು ಬರಿ, ನನಗೆ ಮೆಮೊ ಕೊಡೋರು ಈಗ ಯಾರೂ ಇಲ್ಲ. ಗುರುವಾರ ಸಂಜೆ ನಿಮ್ಮ ಡೇ ಡ್ಯೂಟಿ ಮುಗಿದ ಮೇಲೆ ಒಂಬತ್ತೂ ಜನ ಬನ್ನಿ, ಆಯಮ್ಮನನ್ನೂ ಕರ್ಕೊಂಡು ಬಾ. ನೋಟ್‌ಬುಕ್ ತರೋದು ಮರೀಬೇಡ.